ಒಳಗೆ ಹೋಗದ ಕೈ

ಹಿಂದಿನ ಕಾಲದ ಕಾರೊಂದರ ಬಲಬಾಗಿಲ ಪಕ್ಕದಲ್ಲಿ, ತಿರುಗುವ ದಿಕ್ಕು ತೋರಿಸಲು ಹೊರಗೆ ಚಾಚುವ ಪುಟ್ಟ ಕೈಯೊಂದಿತ್ತು. ನಾಲ್ಕು ಜನ ನೋಡುತ್ತಾರೆಂದರೆ ಅದಕ್ಕೆ ಎಲ್ಲಿಲ್ಲದ ಹಿಗ್ಗು. ಒಂದು ದಿನ ಕಾರು ಬಲಕ್ಕೆ ತಿರುಗಿಯಾದ ಮೇಲೂ ಅದು ಒಳಗೆ ಹೋಗಲಿಲ್ಲ.

"ತಮ್ಮಾ, ತಿರುವು ಮುಗಿಯಿತು, ಒಳಗೆ ಹೋಗು," ಎಂದಿತು ಹಿಂದಿನ ಕೆಂಪು ದೀಪ.

"ನಿನಗೆ ಹೊಟ್ಟೆಕಿಚ್ಚು ಅಕ್ಕಾ. ಪೇಟೆಯವರು ಇನ್ನೂ ಸ್ವಲ್ಪ ನನ್ನನ್ನು ನೋಡಲಿ."

ಮಗಳನ್ನು ಹಿಂದೆ ಕೂರಿಸಿಕೊಂಡು ಕಾರಿನ ಬೆನ್ನಿಗೇ ಬರುತ್ತಿದ್ದ ಸೈಕಲ್ ಸವಾರನೊಬ್ಬ ಆ ಕೈಯನ್ನು ನಂಬಿದ. ಕಾರು ಮತ್ತೆ ಬಲಕ್ಕೆ ಹೋಗುತ್ತದೆಂದು, ತಾನು ಮುಂದೆ ಹೋಗಲು ಎಡಕ್ಕೆ ಸರಿದ. ಅಷ್ಟರಲ್ಲಿ ಡ್ರೈವರು ಬ್ರೇಕ್ ತುಳಿದು ಕಾರನ್ನು ಎಡಕ್ಕೇ ಹೊರಳಿಸಿದ. ದೀಪ ಮೈಯೆಲ್ಲ ಕೆಂಪಾಗಿ "ನಿಲ್ಲಪ್ಪಾ!" ಎಂದು ಉರಿಯಿತು. ಸೈಕಲ್ಲು ಕಾರಿಗೆ ಗೇಣು ದೂರದಲ್ಲಿ ನಿಂತಿತು.

"ಏನ್ ಸ್ವಾಮೀ, ಕೈ ಆ ಕಡೆ, ಕಾರು ಈ ಕಡೆ?" ಎಂದು ಸವಾರ ರೇಗಿದ. ಪಾಪ, ಡ್ರೈವರು ಬೈಸಿಕೊಂಡ.

ಕೈ ಸರಕ್ಕನೆ ಒಳಗೆ ಸೇರಿಕೊಂಡಿತು. ಒಳಗಿನಿಂದಲೇ ಮೆಲ್ಲಗೆ ಕೇಳಿತು: "ಅಕ್ಕಾ, ತಪ್ಪು ನನ್ನದೆಂದು ನೀನು ಆ ಸವಾರನಿಗೆ ಹೇಳಬಹುದಿತ್ತಲ್ಲ?"

"ದಾರಿಯವರಿಗೆ ಹೇಳಲು ನನಗೆ ಬರುವುದು 'ನಿಲ್ಲಪ್ಪಾ' ಎಂಬ ಒಂದೇ ಮಾತು ಕಣೋ," ಎಂದಿತು ದೀಪ. "ಅದರಲ್ಲಿ ನಿನ್ನ ಹೆಸರನ್ನು ಎಲ್ಲಿ ಸೇರಿಸಲಿ?"