ಅವ್ವನವರು ಚೀಲ ಬಿಚ್ಚಿಸಿದ ದಿನ

ಗಢವಾಲದ ಎತ್ತರದಲ್ಲಿ, ಜೀಪಿನ ದಾರಿ ಮುಗಿದ ಮೇಲೂ ಅರ್ಧ ಗಂಟೆ ಏರಬೇಕಾದ ಒಂದು ಹಳ್ಳಿಯ ಅಂಚಿನಲ್ಲಿ ಪೂಜ್ಯ ಮಾತೋಶ್ರೀ ನಿಜಗುಣಾಂಬೆಯವರ ಕುಟೀರವಿತ್ತು. ಕಲ್ಲುಗೋಡೆಯ ಎರಡು ಕೋಣೆ, ಮೇಲೆ ತಗಡು, ಗಾಳಿಗೆ ತಗಡು ಹಾರದಿರಲೆಂದು ಅದರ ಮೇಲೆ ಹೇರಿದ ಕಲ್ಲುಗಳು, ಮುಂದೆ ಹಲಗೆ ಹಾಸಿದ ಒಂದು ಪಡಸಾಲೆ. ಕೃಷ್ಣೆಯ ದಡದ ಊರೊಂದರಲ್ಲಿ ಹುಟ್ಟಿದ ತಾಯಿಯವರು ಮೂವತ್ತೆರಡು ವರ್ಷಗಳಿಂದ ಅಲ್ಲಿಯೇ ಶಿವಯೋಗನಿರತರಾಗಿದ್ದರು. ನಮ್ಮ ಕಡೆಯ ಭಕ್ತರಿಗೆ ಅವರು ಅವ್ವನವರು. ಪ್ರತಿವರ್ಷ ಬೇಸಿಗೆಯ ಕೊನೆಗೆ ಗದಗ, ಇಳಕಲ್ಲು, ಮುಧೋಳದ ಕಡೆಯಿಂದ ಹತ್ತು ಹನ್ನೆರಡು ಮಂದಿಯಂತೆ ಒಂದೆರಡು ತಂಡದವರು ಬಂದು, ಅಲ್ಲಿಂದ ನಾಲ್ಕು ದಿನದ ನಡಿಗೆಯ ರುದ್ರಕುಂಡವೆಂಬ ಸರೋವರಕ್ಕೆ ಹೋಗುತ್ತಿದ್ದರು. ಹಳ್ಳಿಯೇ ಹತ್ತು ಸಾವಿರ ಅಡಿಯ ಮೇಲಿದೆ. ರುದ್ರಕುಂಡ ಹದಿನೈದು ಸಾವಿರ ದಾಟುತ್ತದೆ.

ಆ ವರ್ಷ ಬಂದವರಲ್ಲಿ ಶಂಕರಪ್ಪ ಎಂದು ಹೆಸರು ಹೇಳಿಕೊಂಡ ಒಬ್ಬನಿದ್ದ. ಹೆಸರು ಸುಳ್ಳು. ಅವನ ನಿಜವಾದ ಹೆಸರು ಸಂಗನಬಸಪ್ಪ. ಗದಗಿನ ಕೋರ್ಟಿನಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು. ಎರಡು ವರ್ಷದ ಹಿಂದೆ ಅವನ ಒಡಹುಟ್ಟಿದ ತಮ್ಮ ಮುರಿಗೆಪ್ಪ ಅವ್ವನವರ ಜೊತೆಗೆ ರುದ್ರಕುಂಡಕ್ಕೆ ಹೊರಟವನು ಮೂರನೆಯ ಬಿಡಾರದಲ್ಲಿ ತೀರಿಕೊಂಡಿದ್ದ. ಗುಡ್ಡ ಕುಸಿದು ಕೆಳಗಿನ ರಸ್ತೆ ಎಂಟು ದಿನ ಮುಚ್ಚಿದ್ದರಿಂದ ಅವನನ್ನು ಆ ಹಳ್ಳಿಯ ಇಳಿಜಾರಿನಲ್ಲಿಯೇ ಮಣ್ಣು ಮಾಡಿದ್ದರು. ಅಣ್ಣನಿಗೆ ತಮ್ಮನ ಮುಖವೂ ಸಿಗಲಿಲ್ಲ. ಅಂದಿನಿಂದ ಅವನ ಮನೆಯಲ್ಲಿ ಯಾರೂ ಅವ್ವನವರ ಹೆಸರೆತ್ತುವಂತಿರಲಿಲ್ಲ.

ಅವನು ಬಂದದ್ದು ದರ್ಶನಕ್ಕಲ್ಲ. ಈ ಸನ್ಯಾಸಿನಿ ಅಮಾಯಕರನ್ನು ಯಾವ ಸಿದ್ಧತೆಯೂ ಇಲ್ಲದೆ, ಬರೀ ಭಸ್ಮ ಹಚ್ಚಿ ಬೆಟ್ಟಕ್ಕೆ ಅಟ್ಟುತ್ತಾಳೆ ಎಂಬುದನ್ನು ಕಣ್ಣಾರೆ ಕಂಡು, ಬರೆದುಕೊಂಡು, ಫಿರ್ಯಾದು ಹೂಡಬೇಕೆಂದು ಬಂದಿದ್ದ. ಆಮೇಲೆ ತಮ್ಮ ಸತ್ತ ಜಾಗವನ್ನೊಮ್ಮೆ ನೋಡಬೇಕು. ಅಂಗಿಯ ಒಳಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ಕು ಇಟ್ಟುಕೊಂಡಿದ್ದ. ಉಳಿದ ಯಾತ್ರಿಕರು ದಾರಿಯಲ್ಲಿ ಎರಡು ಕಡೆ ತಂಗಿ, ಎತ್ತರಕ್ಕೆ ಮೈ ಒಗ್ಗಿಸಿಕೊಂಡು ಬಂದಿದ್ದರು. ಇವನು ಅವರ ಜೊತೆ ಬಂದರೆ ಗುರುತು ಸಿಕ್ಕೀತೆಂದು ಹರಿದ್ವಾರದಿಂದ ಒಂದೇ ದಿನಕ್ಕೆ ಮೇಲೆ ಹತ್ತಿದ್ದ.

ಬಂದ ದಿನವೇ ಅವನಿಗೆ ಮೊದಲ ಆಘಾತ ಕಾದಿತ್ತು. ಪಡಸಾಲೆಯ ಗೋಡೆಗೆ ದೇವರ ಪಟದ ಬದಲು ಹಗ್ಗದ ಸುರುಳಿಗಳು ತೂಗುತ್ತಿದ್ದವು. ಮೂಲೆಯಲ್ಲಿ ಆಮ್ಲಜನಕದ ಎರಡು ಸಿಲಿಂಡರು. ಪಕ್ಕದಲ್ಲಿ ತೂಕ ನೋಡುವ ಕೊಕ್ಕೆಯ ಒಂದು ತೂಗುಮುಳ್ಳು. ಅವ್ವನವರ ಅಪ್ಪಣೆಯೆಂದರೆ, ಬಂದವರು ಯಾರೇ ಆಗಲಿ ಮೂರು ರಾತ್ರಿ ಅಲ್ಲಿ ತಂಗಬೇಕು. ದಿನಕ್ಕೊಮ್ಮೆ ಹಿಂದಿನ ಗುಡ್ಡ ಹತ್ತಿ ಇಳಿಯಬೇಕು. ಮೂರನೆಯ ದಿನ ಚೀಲ ತೋರಿಸಬೇಕು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ‘ನಿಷ್ಕಾಳಜಿಯ ಸಂಗತಿಗಳು’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದ ಸಂಗನಬಸಪ್ಪನಿಗೆ ಎರಡು ದಿನವಾದರೂ ಆ ಗೆರೆಯ ಕೆಳಗೆ ಬರೆಯಲು ಏನೂ ಸಿಗಲಿಲ್ಲ. ಇದೆಲ್ಲ ಕಣ್ಕಟ್ಟು, ನಾಲ್ಕು ಜನಕ್ಕೆ ತೋರಿಸಲಿಕ್ಕೆ ಎಂದುಕೊಂಡ. ಎರಡನೆಯ ದಿನದಿಂದ ಅವನ ತಲೆ ಸಿಡಿಯುತ್ತಿತ್ತು. ಯಾರಿಗೂ ಹೇಳದೆ ಮಾತ್ರೆ ನುಂಗಿದ.

ಮೂರನೆಯ ದಿನ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಅವ್ವನವರು ಪಡಸಾಲೆಗೆ ಬಂದರು. ಎಪ್ಪತ್ತರ ಮೇಲಿನ ವಯಸ್ಸು, ತೆಳ್ಳನೆಯ ಶರೀರ, ಕಾವಿಯ ಮೇಲೆ ಕುರಿಯುಣ್ಣೆಯ ಒರಟು ಅಂಗಿ. ಒಂದು ಕಂಬಳಿ ಹಾಸಿ ಕುಳಿತರು. ಯಾತ್ರಿಕರು ಒಬ್ಬೊಬ್ಬರಾಗಿ ಬಂದು ತಮ್ಮ ಬೆನ್ನುಚೀಲವನ್ನು ಆ ಕಂಬಳಿಯ ಮೇಲೆ ಬರಿದು ಮಾಡಬೇಕು. ಅವ್ವನವರು ಒಂದೊಂದೇ ವಸ್ತು ಎತ್ತಿ ನೋಡಿ, ಬೇಕಾದುದನ್ನು ತಾವೇ ಮತ್ತೆ ತುಂಬುತ್ತಿದ್ದರು. ಒಣ ಬಟ್ಟೆ ಪ್ಲಾಸ್ಟಿಕ್ ಚೀಲದೊಳಗೆ, ಭಾರವಾದದ್ದು ಬೆನ್ನಿಗೆ ಒತ್ತಿ, ಮಳೆಯಂಗಿ ಎಲ್ಲಕ್ಕೂ ಮೇಲೆ. ತಿನ್ನಲಿಕ್ಕೆ ಖಡಕ್ ರೊಟ್ಟಿ, ಶೇಂಗಾದುಂಡಿ, ಹುರಿದ ಅವಲಕ್ಕಿ ದಿನದಿನಕ್ಕೆ ಬೇರೆಬೇರೆ ಗಂಟು. ಕೊನೆಗೆ ಚೀಲವನ್ನು ತೂಗುಮುಳ್ಳಿಗೆ ಸಿಕ್ಕಿಸುವರು. ಎಂಟು ಕಿಲೋ ದಾಟಿದರೆ ಮತ್ತೆ ಬಿಚ್ಚಬೇಕು.

ಮುಧೋಳದ ಅಜ್ಜ ಒಬ್ಬರು ಹಿತ್ತಾಳೆಯ ನಂದಿಯನ್ನು ಸರೋವರಕ್ಕೆ ಒಯ್ಯಬೇಕೆಂದು ತಂದಿದ್ದರು. ಅವ್ವನವರು ಅದನ್ನು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟರು.

“ನಂದಿ ಇಲ್ಲೇ ಮೇಯ್ಕೋತ ಇರ್ಲಿ. ಅದರ ಜಾಗಾಕ್ಕ ಇನ್ನೊಂದು ಸ್ವೆಟರ್ ತಗೋರಿ.”

ಇಳಕಲ್ಲಿನ ಗುರುಸಿದ್ದಯ್ಯನೆಂಬ ತರುಣ ಸಾಧಕ ಬರಿಗಾಲಲ್ಲಿ ಹೋಗುವೆನೆಂದು ಹರಕೆ ಹೊತ್ತಿದ್ದ. ಅವನ ಚೀಲದಲ್ಲಿ ಬೂಟೂ ಇರಲಿಲ್ಲ, ಕಾಲುಚೀಲವೂ ಇರಲಿಲ್ಲ. ನಂಬಿದವರನ್ನು ಶಿವ ಕಾಯುತ್ತಾನೆ ಎಂದು ಅವನು ವಿನಯದಿಂದಲೇ ಹೇಳಿದ. ಸಂಗನಬಸಪ್ಪ ಮೈಯೆಲ್ಲ ಕಿವಿಯಾದ. ಈಗ ಈಕೆ ಹೂಂ ಅನ್ನುತ್ತಾಳೆ, ಈಗ ಬರೆದುಕೊಳ್ಳಬಹುದು ಎಂದು ಅವನ ಕೈ ಒಳಜೇಬಿಗೆ ಹೋಯಿತು.

ಅವ್ವನವರು ಒಳಗಿನಿಂದ ಎರಡು ಜೊತೆ ಉಣ್ಣೆಯ ಕಾಲುಚೀಲ, ಹಳೆಯದಾದರೂ ಗಟ್ಟಿಯಾದ ಬೂಟು ತರಿಸಿ ಅವನ ಮುಂದಿಟ್ಟರು.

“ಭಕ್ತಿಗೆ ಥಂಡಿ ಹತ್ತೂದಿಲ್ಲಪಾ, ಬೆರಳಿಗೆ ಹತ್ತತೈತಿ. ಹಾಕ್ಕೋ. ಇಲ್ಲಾಂದ್ರ ಇಲ್ಲೇ ನನ್ನ ಕೂಡ ಇರು.”

ಆ ತರುಣ ಕುಳಿತು ಲೇಸು ಕಟ್ಟತೊಡಗಿದ. ಸಂಗನಬಸಪ್ಪನ ಕೈ ಜೇಬಿನಲ್ಲಿಯೇ ಉಳಿಯಿತು. ತಾನು ಎರಡು ವರ್ಷ ಹಗಲಿರುಳು ದ್ವೇಷಿಸಿದ ಹೆಂಗಸು ಈಕೆಯೇ ಹೌದೇ ಎಂದು ಅವನಿಗೆ ದಿಗಿಲಾಯಿತು.

ಕೊನೆಯ ಸರದಿ ಅವನದು. ಚೀಲ ತಂದು ಕಂಬಳಿಯ ಮೇಲಿಟ್ಟ. ಅಷ್ಟು ದೂರ ನಡೆದದ್ದಕ್ಕೇ ಅವನಿಗೆ ಏದುಸಿರು ಬಂದಿತ್ತು. ಅವ್ವನವರು ಚೀಲ ಮುಟ್ಟಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದರು.

“ತಲಿ ನೋಯತೈತೇನಪಾ?”

“ಏನಿಲ್ರಿ. ಆರಾಮದೀನಿ.”

“ಕೆಮ್ಮು?”

“ಧೂಳಿಂದ್ರಿ. ಏನಿಲ್ಲ.”

ಅವ್ವನವರು ಚೀಲದ ಪಕ್ಕದ ಜೇಬಿಗೆ ಕೈಹಾಕಿದರು. ತಲೆನೋವಿನ ಮಾತ್ರೆಯ ಪಟ್ಟಿ ಹೊರಬಂತು. ಹತ್ತರಲ್ಲಿ ಎರಡೇ ಉಳಿದಿದ್ದವು. ಅವರು ರಕ್ತದಲ್ಲಿಯ ಆಮ್ಲಜನಕ ನೋಡುವ ಪುಟ್ಟ ಯಂತ್ರವನ್ನು ಅವನ ಬೆರಳಿಗೆ ಸಿಕ್ಕಿಸಿದರು. ಉಳಿದವರಿಗೆಲ್ಲ ತೊಂಬತ್ತರ ಆಚೀಚೆ ತೋರಿಸಿದ ಯಂತ್ರ ಇವನಿಗೆ ಅರವತ್ತೆಂಟು ತೋರಿಸಿತು. ಇನ್ನೊಂದು ಬೆರಳಿಗೆ ಹಾಕಿದರು. ಅರವತ್ತೇಳು.

“ಏನಿಲ್ಲ ಅಂತ ನಿಮ್ಮ ಮುರಿಗೆಪ್ಪನೂ ಅಂದಿದ್ದ, ಸಂಗನಬಸಪ್ಪಾ,” ಎಂದರು ಅವ್ವನವರು.

ಯಾತ್ರಿಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂಗನಬಸಪ್ಪ ಬೆರಳಿನ ಯಂತ್ರವನ್ನು ತೆಗೆದಿಟ್ಟು, “ನಿಮಗ ಯಾವಾಗ ಗೊತ್ತಾತು?” ಎಂದು ಕೇಳಿದ.

“ನೀ ದಾರ್ಯಾಗ ಬರೂದು ಕಂಡಾಗನ. ಅದ ಹುಬ್ಬು, ಅದ ನಡಿಗಿ. ಹೆಸರು ಬದಲಿ ಹೇಳಬಹುದಪಾ, ನಡಿಗಿ ಬದಲಾಗೂದಿಲ್ಲ. ನಿನ್ನ ಹೆಸರು ಮುರಿಗೆಪ್ಪ ದಾರಿತುಂಬ ಹೇಳಾಂವ.” ಎಂದವರೇ ಸಿಲಿಂಡರಿನತ್ತ ಕೈ ತೋರಿಸಿದರು. “ನೀ ಮ್ಯಾಲ ಹೋಗೂದಿಲ್ಲ. ಈಗಿಂದೀಗ ತಳಗ ಇಳೀಬೇಕು.”

ಆಗ ಅವನಿಗೆ ಎರಡು ವರ್ಷದ ಸಿಟ್ಟು ಒಮ್ಮೆಲೇ ನೆತ್ತಿಗೇರಿತು. ಎದ್ದು ನಿಲ್ಲಲು ನೋಡಿ, ಆಗದೆ, ಕಂಬ ಹಿಡಿದು ಕುಳಿತ.

“ನನ್ನ ತಮ್ಮನ್ನ ಕೊಂದವರು ನೀವು. ಆವತ್ತು ಅವನ್ನ ಇಳಸಲಿಲ್ಲ. ಇವತ್ತು ನನಗ ಇಳಿ ಅಂತೀರಿ. ನಾ ಇಳಿಯೂದಿಲ್ಲ. ಅಂವ ಬಿದ್ದ ಜಾಗಾ ನೋಡೇ ಹೋಗಾಂವ.”

ಭಕ್ತರಲ್ಲಿ ಇಬ್ಬರು ಅವನನ್ನು ತಡೆಯಲು ಎದ್ದರು. ಅವ್ವನವರು ಅವರನ್ನು ಕೈಸನ್ನೆಯಿಂದ ಕೂಡ್ರಿಸಿದರು. ಸಂಗನಬಸಪ್ಪ ಅವರ ಉತ್ತರಕ್ಕಾಗಿ ಕಾದ. ವಿಧಿ ಅನ್ನುತ್ತಾರೆ, ಶಿವನ ಇಚ್ಛೆ ಅನ್ನುತ್ತಾರೆ, ನಿಮ್ಮ ತಮ್ಮ ಪುಣ್ಯವಂತ, ಇಂಥ ಸ್ಥಳದಲ್ಲಿ ಲಿಂಗೈಕ್ಯನಾದ ಅನ್ನುತ್ತಾರೆ. ಇದರಲ್ಲಿ ಯಾವುದಕ್ಕೆ ಏನು ಹೇಳಬೇಕೆಂದು ಅವನು ಎರಡು ವರ್ಷ ಕುಳಿತು ಸಿದ್ಧಮಾಡಿಕೊಂಡಿದ್ದ.

“ಖರೇ ಐತಿ,” ಎಂದರು ಅವ್ವನವರು. “ತಪ್ಪು ನಂದು. ಅವನ ಕಣ್ಣಾಗಿನ ಆಸೆ ನೋಡಿದೆ, ಅವನ ಉಸಿರು ನೋಡಲಿಲ್ಲ. ನಿನ್ನ ಬುಕ್ಕು ತಗಿ, ನಾ ಹೇಳ್ತೀನಿ, ಬರಕೋ.”

ಸಂಗನಬಸಪ್ಪ ಮೂವತ್ತೈದು ವರ್ಷ ಕೋರ್ಟಿನಲ್ಲಿದ್ದವನು. ಕೊಲೆ ಮಾಡಿದವರು, ಮೋಸ ಮಾಡಿದವರು, ಸಣ್ಣವರು, ದೊಡ್ಡವರು, ಎಷ್ಟೋ ಜನರನ್ನು ಕಟಕಟೆಯಲ್ಲಿ ನೋಡಿದ್ದ. ಯಾರೂ ಒತ್ತಾಯಿಸದೆ, ಸಾಕ್ಷಿ ಇಲ್ಲದೆ, ತನ್ನನ್ನು ಪೂಜಿಸುವವರ ಎದುರಿಗೇ ತಪ್ಪು ನನ್ನದು ಎಂದವರನ್ನು ಅವನು ಕಂಡಿರಲಿಲ್ಲ. ನೋಟ್‌ಬುಕ್ಕು ತೆಗೆದ. ಪೆನ್ನು ಹಿಡಿದ. ಅಕ್ಷರ ಮೂಡಲಿಲ್ಲ, ಉಗುರುಗಳು ನೀಲಿಯಾಗಿದ್ದುದನ್ನು ಅವನು ಆಗಲೇ ನೋಡಿದ್ದು.

“ಉಳಿದದ್ದು ಇಳಕೋತ ಹೇಳ್ತೀನಿ. ಏಳು,” ಎಂದರು ಅವ್ವನವರು.

ಹಳ್ಳಿಯವರು ಹೇಸರಗತ್ತೆ ತಂದರು. ಮೂಗಿಗೆ ಆಮ್ಲಜನಕದ ನಳಿಗೆ ಇಟ್ಟು ಅವನನ್ನು ಕೂಡ್ರಿಸಿದರು. ಗುರುಸಿದ್ದಯ್ಯ ಒಂದು ಪಕ್ಕ ಸಿಲಿಂಡರು ಹೊತ್ತ; ಇನ್ನೊಂದು ಪಕ್ಕ ಅವ್ವನವರು ಅವನ ಮೊಣಕಾಲಿನ ಮೇಲೆ ಕೈಯಿಟ್ಟು ನಡೆದು ಬಂದರು. ಕಲ್ಲುದಾರಿಯುದ್ದಕ್ಕೂ ಅವರು ಮುರಿಗೆಪ್ಪನ ಕಡೆಯ ಎರಡು ದಿನದ ಸಂಗತಿ ಹೇಳಿದರು. ಯಾವುದನ್ನೂ ಬಿಡಲಿಲ್ಲ, ಯಾವುದನ್ನೂ ಹಗುರ ಮಾಡಲಿಲ್ಲ. ಎರಡನೆಯ ಬಿಡಾರದಲ್ಲಿ ಅವನು ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ತಲೆನೋವು ಎಂದ. ಇಳಿಸೋಣವೇ ಎಂದು ತಾವು ಕೇಳಿದ್ದು ನಿಜ. ಏನಿಲ್ಲ ಅವ್ವಾರ, ನಾಳೆ ಕುಂಡ ಕಾಣತೈತಿ ಎಂದು ಅವನು ಕೈಮುಗಿದ. ತಾವು ಒಪ್ಪಿದರು. ನಸುಕಿಗೆ ಎಬ್ಬಿಸಲು ಹೋದಾಗ ಎಚ್ಚರವಾಗಲಿಲ್ಲ.

“ಅಂವ ಕೈ ಮುಗದಾಗ ನಾ ದೊಡ್ಡಾಕಿ ಆದೆ ಅನಿಸ್ತು, ಸಂಗನಬಸಪ್ಪಾ. ಅಲ್ಲೇ ಕೆಟ್ಟಿತು,” ಎಂದರು.

ಆ ಸಾವಿನ ನಂತರ ತಾವು ಒಮ್ಮೆಯೂ ರುದ್ರಕುಂಡಕ್ಕೆ ಹೋಗಿಲ್ಲವೆಂದೂ, ಹಳ್ಳಿಯ ಮಾರ್ಗದರ್ಶಿಗಳು ಕರೆದೊಯ್ಯುತ್ತಾರೆಂದೂ, ತಮ್ಮ ಪಾಲಿಗೆ ಚೀಲ ಕಟ್ಟುವುದೊಂದೇ ಉಳಿದಿದೆಯೆಂದೂ ಹೇಳಿದರು. ಅವನಿಗೆ ಉತ್ತರ ಕೊಡುವಷ್ಟು ಉಸಿರಿರಲಿಲ್ಲ. ಅಳು ಬಂದರೆ ಕೆಮ್ಮು ಬರುತ್ತಿತ್ತು.

ಜೀಪಿನಲ್ಲಿಯೂ ಅವ್ವನವರು ಜೊತೆಗೇ ಬಂದರು. ಕೆಳಗಿನ ಊರಿನ ಆಸ್ಪತ್ರೆಯ ವೈದ್ಯರು ಅವನ ಎದೆಗೆ ಕಿವಿಗೊಟ್ಟು ನೋಡಿ, ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆಯೆಂದರು. ನಾಳೆ ಬೆಳಿಗ್ಗೆ ಮೇಲಕ್ಕೆ ಹೊರಟಿದ್ದರೆ ಸಂಜೆಯ ತನಕ ಬಾಳುತ್ತಿರಲಿಲ್ಲ ಎಂದೂ ಹೇಳಿದರು. ಅವನು ಹಾಸಿಗೆಯಲ್ಲಿ ಮಲಗಿ ಚಾವಣಿ ನೋಡುತ್ತಿದ್ದ. ಬಾಗಿಲಾಚೆಯ ಬೆಂಚಿನ ಮೇಲೆ ಅವ್ವನವರು ಕಣ್ಣುಮುಚ್ಚಿ ಕುಳಿತಿದ್ದರು.

ಮರುದಿನ ಮಧ್ಯಾಹ್ನ ಉಸಿರು ಹತೋಟಿಗೆ ಬಂದ ಮೇಲೆ ಅವನು ಗದಗಿಗೆ, ತಮ್ಮನ ಹೆಂಡತಿ ಶೈಲವ್ವನಿಗೆ ಫೋನು ಮಾಡಿದ. ನಡೆದದ್ದನ್ನೆಲ್ಲ ಹೇಳಿದ. ತಪ್ಪು ತನ್ನದೆಂದು ಆ ತಾಯಿ ಹತ್ತು ಮಂದಿಯ ಮುಂದೆ ಒಪ್ಪಿಕೊಂಡರು, ಇಂಥಾದ್ದು ನಾ ಜನ್ಮದಾಗ ಕಂಡಿಲ್ಲ ಎಂದ.

“ನನಗ ಗೊತ್ತೈತಿ ಭಾವಾರ,” ಎಂದಳು ಶೈಲವ್ವ. “ಅವರು ತೀರಿದ ತಿಂಗಳೊಳಗ ಅವ್ವಾರು ಇಲ್ಲಿಗೆ ಬಂದಿದ್ರು. ನೀವು ಕೋರ್ಟಿಗೆ ಹೋಗಿದ್ರಿ. ಒಳಗ ಬರ್ರಿ ಅಂದ್ರ ಬರಲಿಲ್ಲ. ಹೊಸ್ತಿಲ ಹೊರಗ ಕುಂತು ಎಲ್ಲಾ ಹೇಳಿದ್ರು. ನೀ ಏನ್ ಶಿಕ್ಷಾ ಕೊಟ್ರೂ ತಗೋತೀನಿ ಮಗಳ ಅಂದ್ರು.”

ಸಂಗನಬಸಪ್ಪ ಹಾಸಿಗೆಯಲ್ಲಿ ಎದ್ದು ಕುಳಿತ. “ನನಗ್ಯಾಕ ಹೇಳಲಿಲ್ಲ?”

“ಅವ್ವಾರ ಹೆಸರ ತಗೀಬ್ಯಾಡ ಅಂದಿದ್ರಲ್ರಿ. ಎರಡ ಸಲ ಬಾಯಿ ತಗದೆ. ಎರಡೂ ಸಲ ಊಟ ಬಿಟ್ಟು ಎದ್ದು ಹೋದ್ರಿ.”

“ನೀ ಏನ್ ಶಿಕ್ಷಾ ಕೊಟ್ಟಿ?”

“ಇನ್ನೊಬ್ಬರ ಮನಿಗೆ ಹಿಂಗ ಬಂದು ಕೂಡೂ ಪ್ರಸಂಗ ತಂದುಕೋಬ್ಯಾಡ್ರಿ ಅಂದೆ. ಅಷ್ಟ.”

ಮೂವತ್ತೆರಡು ವರ್ಷದಲ್ಲಿ ಅವ್ವನವರು ಬೆಟ್ಟದಿಂದಿಳಿದು ಕರ್ನಾಟಕಕ್ಕೆ ಬಂದದ್ದು ಅದೊಂದೇ ಸಲವೆಂದು ಬಲ್ಲವರು ಹೇಳುತ್ತಾರೆ. ಎಷ್ಟೋ ಮಠಗಳು ಪಲ್ಲಕ್ಕಿ ಕಳಿಸುತ್ತೇವೆಂದು ಬೇಡಿಕೊಂಡರೂ ಬಾರದ ಮಹಾತಾಯಿ, ಒಬ್ಬ ವಿಧವೆಯ ಹೊಸ್ತಿಲ ಹೊರಗೆ ಕೂಡ್ರಲಿಕ್ಕಾಗಿ ಮೂರು ದಿನ ರೈಲಿನಲ್ಲಿ ಬಂದಿದ್ದರು. ಹೋಗಿ ಬಂದದ್ದನ್ನು ಯಾರಿಗೂ ಹೇಳಿರಲಿಲ್ಲ.

ಸಂಗನಬಸಪ್ಪ ಹಾಸಿಗೆಯಿಂದಿಳಿದು, ಗೋಡೆ ಹಿಡಿದು, ಬಾಗಿಲಾಚೆಗೆ ಬಂದ. ತಂದೆ ಲಿಂಗೈಕ್ಯರಾದಾಗಿನಿಂದ ಯಾರ ಕಾಲಿಗೂ ಬಾಗದಿದ್ದ ಆ ಮನುಷ್ಯ ಅವ್ವನವರ ಪಾದದ ಮೇಲೆ ಹಣೆಯಿಟ್ಟ. ಅವರು ಅವನ ಭುಜ ಹಿಡಿದು ಎಬ್ಬಿಸಿದರು.

“ನನಗ ಇದು ಬ್ಯಾಡಪಾ. ಮುಂದಿನ ವಾರ ಬಾಗಲಕೋಟಿಯವರು ಬರಾಕತ್ತಾರ. ಆರಾಮಾದ ಮ್ಯಾಲ ಬಾ. ಸಾವಕಾಶ ಬಾ. ಅವರಿಗೆ ನೀನ ಹೇಳು.”

ಹನ್ನೊಂದು ದಿನದ ಮೇಲೆ ವೈದ್ಯರ ಒಪ್ಪಿಗೆ ಪಡೆದು, ಎರಡು ಕಡೆ ತಂಗಿ, ಅವನು ನಿಧಾನವಾಗಿ ಹಳ್ಳಿಗೆ ಹತ್ತಿ ಬಂದ. ಮೊದಲು ಇಳಿಜಾರಿಗೆ ಹೋಗಿ ತಮ್ಮನ ಸಮಾಧಿಯ ಬಳಿ ಕುಳಿತ. ಬಿಸಿಲು ಏರುವವರೆಗೂ ಕುಳಿತಿದ್ದು, ಆಮೇಲೆ ಪಡಸಾಲೆಗೆ ಬಂದ. ಬಾಗಲಕೋಟೆಯ ಒಂಬತ್ತು ಮಂದಿ ಅಲ್ಲಿ ತಮ್ಮ ಚೀಲಗಳನ್ನು ಮುಂದಿಟ್ಟುಕೊಂಡು ನಗುತ್ತ ಮಾತಾಡುತ್ತಿದ್ದರು. ಅವ್ವನವರು ಸರಿದು ಕಂಬಳಿಯ ಮೇಲೆ ಅವನಿಗೆ ಜಾಗ ಮಾಡಿಕೊಟ್ಟರು.

ಸಂಗನಬಸಪ್ಪ ಕುಳಿತ.

“ಸ್ವಲ್ಪ ಹಿಂಗ ಬರ್ರಿ,” ಎಂದ. “ನನ್ನ ತಮ್ಮ ಮುರಿಗೆಪ್ಪ ಅಂತ ಒಬ್ಬಾಂವ ಇದ್ದ. ಅಂವ ಹೆಂಗ ಸತ್ತ ಅನ್ನೂದನ್ನ ಹೇಳ್ತೀನಿ. ಕೇಳಿ ಆಮ್ಯಾಲ ಚೀಲ ಬಿಚ್ಚೂಣು.”