ಬಾಲದಿಂದ ಸವರಿದ ಹಿಮ

ಮೋಡಗಳಿಗಿಂತ ಎತ್ತರದ ಬೆಟ್ಟವೊಂದರ ದೇವದಾರು ಕಾಡಿನಲ್ಲಿ ಪ್ರಾಣಿಗಳದ್ದೇ ಒಂದು ಜಾರುಗುಡ್ಡ ಇತ್ತು. ಚಳಿಗಾಲ ಬಂದರೆ ಸಾಕು, ಪ್ರಾಣಿಗಳೆಲ್ಲ ಕಾಲಿಗೆ ಮರದ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಸುಯ್ಯೆಂದು ಜಾರುತ್ತಿದ್ದವು. ಗುಡ್ಡಕ್ಕೆ ಯಜಮಾನ ಅಂತ ಯಾರೂ ಇರಲಿಲ್ಲ. ಹೊಸ ಹಿಮ ಬಿದ್ದಾಗ ಪ್ರತಿ ಮನೆಯವರೂ ತಮ್ಮ ಪಾಲಿನ ದಾರಿಯನ್ನು ತುಳಿದು ಗಟ್ಟಿ ಮಾಡಬೇಕಿತ್ತು. ಆಮೇಲೇ ಜಾರಾಟ.

ನರಿಗೆ ಈ ತುಳಿಯುವ ಕೆಲಸ ಅಂದರೆ ಆಗದು. ಕಾಲು ಕೊರೆಯುತ್ತೆ, ಸೊಂಟ ನೋಯುತ್ತೆ. ಒಂದು ಬೆಳಿಗ್ಗೆ ಹೊಸ ಹಿಮ ರಾಶಿ ಬಿದ್ದಿತ್ತು. ಎಲ್ಲರೂ ಧಪಧಪ ತುಳಿಯುತ್ತಿದ್ದರು. ನರಿ ಮಾತ್ರ ತನ್ನ ದಪ್ಪ ಬಾಲದಿಂದ ಹಿಮವನ್ನು ಮೇಲೆಮೇಲೆ ಸವರಿತು. ನೋಡಿದರೆ ಕನ್ನಡಿಯ ಹಾಗೆ ನುಣುಪು!

"ಇಷ್ಟು ಬೇಗ ಮುಗೀತಾ ನರಿಯಣ್ಣ?" ಪಕ್ಕದ ದಾರಿಯಲ್ಲಿ ಏದುಸಿರು ಬಿಡುತ್ತಿದ್ದ ಮೊಲ ಕೇಳಿತು.

"ಕೈಚಳಕ ಬೇಕು ಕಣೋ. ನಿನ್ನ ದಾರಿ ನೋಡು, ಯಾರೋ ಕುಸ್ತಿ ಆಡಿದ ಹಾಗಿದೆ!"

ಮೊಲ ತಲೆ ತಗ್ಗಿಸಿ ಮತ್ತೆ ತುಳಿಯತೊಡಗಿತು.

ಅಷ್ಟರಲ್ಲಿ ಕರಡಿಯಜ್ಜಿ ದಾರಿಗಳನ್ನು ನೋಡುತ್ತಾ ಬಂತು. ನರಿಯ ದಾರಿ ಕಂಡು ಅದರ ಮುಖ ಅರಳಿತು.

"ಗಟ್ಟಿಯಾಗಿದೆಯೇನಪ್ಪಾ?"

"ಕಲ್ಲು ಅಜ್ಜಿ, ಕಲ್ಲು!"

ಮೊದಲ ಸಲ ಜಾರುವ ಮರಿಗೆ ಎಲ್ಲಕ್ಕಿಂತ ಒಳ್ಳೆಯ ದಾರಿ ಬಿಟ್ಟುಕೊಡುವುದು ಆ ಗುಡ್ಡದ ಪದ್ಧತಿ. ಅಜ್ಜಿ ಮೇಲಕ್ಕೆ ಕೂಗಿತು: "ಇವತ್ತಿನ ಹೊಸ ಮರಿಗೆ ನರಿಯಣ್ಣನ ದಾರಿ!"

ನರಿ ತನ್ನ ದಾರಿಯತ್ತ ಕಳ್ಳನೋಟ ಬೀರಿತು. 'ಯಾರ ಮರಿಯೋ ಏನೋ. ಹೂತುಹೋದರೆ ಹಿಮವೇ ಸರಿಯಿಲ್ಲ ಅಂದರಾಯ್ತು' ಎಂದುಕೊಂಡು ಸುಮ್ಮನಾಯಿತು.

ಆಗ ಗುಡ್ಡದ ತುದಿಯಿಂದ ಒಂದು ದನಿ ಬಂತು.

"ಅಪ್ಪಾ, ಇಲ್ನೋಡು! ನಾನೇ ಹೊಸ ಮರಿ! ನಿಂಗೆ ಮೊದ್ಲೇ ಹೇಳ್ಬೇಡ ಅಂತ ಅಮ್ಮ ಹೇಳಿದ್ಲು!"

ಝರಿ. ನರಿಯ ಒಬ್ಬಳೇ ಮಗಳು.

ನರಿ ಬಾಯಿ ತೆರೆಯಿತು. ಅಷ್ಟರಲ್ಲಿ ಝರಿ ಆಗಲೇ ಜಾರುತ್ತಿತ್ತು, ನಗುತ್ತಿತ್ತು. ಅರ್ಧ ದಾರಿಗೆ ಬಂದಿತ್ತು ಅಷ್ಟೇ. ಹಿಮ ಭಸಕ್ಕನೆ ಬಾಯಿ ಬಿಟ್ಟಿತು. ನಗು ನಿಂತಿತು.

ಮರದ ಹಲಗೆಯ ತುದಿಯೊಂದು ಮಾತ್ರ ಮೇಲೆ ಕಾಣುತ್ತಿತ್ತು.

ಯಾರೂ ಅಲುಗಾಡಲಿಲ್ಲ. ಅಷ್ಟು ಚೆಂದದ ದಾರಿ! ಅದು ಹೇಗೆ ಕುಸಿಯಿತು?

"ನಾನು ತುಳಿದೇ ಇಲ್ಲ!" ಎಂದು ಚೀರುತ್ತಾ ನರಿ ಓಡಿತು. ನಾಲ್ಕು ಹೆಜ್ಜೆಗೆ ತಾನೂ ಕುತ್ತಿಗೆವರೆಗೆ ಹೂತುಹೋಯಿತು. ಅಲ್ಲಿಂದಲೇ ಕಣ್ಣು ಪಿಳಿಪಿಳಿ ಬಿಡುತ್ತಾ ನೋಡಿತು. ಪಕ್ಕದಲ್ಲಿದ್ದ ಮೊಲದ ದಾರಿ ಕುಸಿದಿರಲಿಲ್ಲ. ಕರಡಿಯಜ್ಜಿ ಅದರ ಮೇಲೆ ಉದ್ದಕ್ಕೆ ಮಲಗಿ ಕೈ ಚಾಚಿತು. ಮೊಲ ಸರಸರನೆ ಹಿಮ ಬಗೆಯಿತು. ಕೊನೆಗೆ ಒಂದು ಪುಟ್ಟ ಕಿವಿ ಕಂಡಿತು. ಮರಿಯನ್ನೂ ಆಮೇಲೆ ನರಿಯನ್ನೂ ಎಳೆದು ತೆಗೆದರು.

ಝರಿ ಬದುಕಿತ್ತು. ಗಡಗಡ ನಡುಗುತ್ತಿತ್ತು.

"ಅಪ್ಪಾ, ನಿನ್ನ ದಾರಿ ಎಲ್ಲಕ್ಕಿಂತ ಚೆನ್ನಾಗಿತ್ತಲ್ವಾ?"

ನರಿ ಮಗಳ ಮೈಮೇಲಿನ ಹಿಮ ಕೊಡವಿತು. ಯಾರೂ ಅದನ್ನು ಬೈಯಲಿಲ್ಲ.

ಮತ್ತೆ ಹಿಮ ಬಿದ್ದಾಗ ನರಿ ಎಲ್ಲರಿಗಿಂತ ಮೊದಲೇ ಬಂದು, ಕಾಲು ಮರಗಟ್ಟುವವರೆಗೆ ತುಳಿಯಿತು. ದಾರಿ ನಿಜಕ್ಕೂ ಕಲ್ಲಿನಂತಾಯಿತು. ಝರಿ ಬಂದು ಅದನ್ನು ನೋಡಿತು. ಅಪ್ಪನ ಮುಖವನ್ನೂ ನೋಡಿತು. ಆಮೇಲೆ ಮೆಲ್ಲಗೆ ಹೋಗಿ ಮೊಲದ ದಾರಿಯಲ್ಲೇ ಜಾರಿತು.

ನೀತಿ: ಮೇಲೆ ಚೆಂದ ಮಾಡಿ ಒಳಗೆ ಟೊಳ್ಳು ಬಿಟ್ಟ ಕೆಲಸ ಒಂದು ದಿನ ನಮ್ಮವರನ್ನೇ ಕೆಡವುತ್ತದೆ, ಒಮ್ಮೆ ಕುಸಿದ ನಂಬಿಕೆ ಬೇಗ ಗಟ್ಟಿಯಾಗುವುದಿಲ್ಲ.