ಅಮಲ್ದಾರರ ಅರಗು

ಡ್ರೈವರ್ ಪೆಟ್ರೋಲ್ ಕದಿಯುತ್ತಾನೆಂದು ಅಮಲ್ದಾರರು ಹಳೇ ಜೀಪಿನ ಟ್ಯಾಂಕಿನ ಮುಚ್ಚಳಕ್ಕೆ ಅರಗು ಸುರಿದು ಕಚೇರಿಯ ಮೊಹರು ಒತ್ತಿದರು. "ಮುಟ್ಟಿದೆಯೋ, ಕೆಲಸ ಹೋಯ್ತು!"

ಅಂದೇ ಸಂಜೆ ಅಮಲ್ದಾರರನ್ನು ಕೂರಿಸಿಕೊಂಡು ಹೊರಟ ಜೀಪು ಕಾಡುದಾರಿಯಲ್ಲಿ ನಿಂತಿತು. ಸ್ಟಾರ್ಟ್ ಮಾಡಿದರೆ ಗುರ್ ಎನ್ನುತ್ತದೆ, ನಾಲ್ಕು ಮಾರು ಹೋಗಿ ಮತ್ತೆ ಆಫ್. ಹಿಂದೆ ಲಟಲಟ ಬಿದಿರು ಮುರಿಯುವ ಸದ್ದು. ಆನೆ!

"ಏನಾಗಿದೆಯೋ ಇದಕ್ಕೆ?"

"ಉಸಿರು ಕಟ್ಟಿದೆ, ಸ್ವಾಮಿ. ಮುಚ್ಚಳದ ತೂತಲ್ಲಿ ಗಾಳಿ ಹೋದ್ರೇನೇ ಪೆಟ್ರೋಲ್ ಇಳಿಯೋದು. ಆ ತೂತಿನ ಮೇಲೇ ತಮ್ಮ ಮೊಹರಿದೆ."

"ಒಡೆದು ಹಾಕೋ!"

"ಮುಟ್ಟಿದ್ರೆ ಕೆಲಸ ಹೋಗ್ತದಲ್ಲ, ಸ್ವಾಮಿ?"

ಬಿದಿರು ಇನ್ನೂ ಹತ್ತಿರದಲ್ಲಿ ಮುರಿಯಿತು. ಅಮಲ್ದಾರರೇ ಕೆಳಗೆ ಹಾರಿ, ಉಗುರು ಕಿತ್ತುಬರುವಂತೆ ಅರಗು ಕೆರೆದರು. ಜೀಪು ಓಡಿತು.

ಊರ ದೀಪ ಕಂಡಮೇಲೆ ಅಮಲ್ದಾರರಿಗೆ ದನಿ ಬಂತು. "ನಿನಗಿದು ಮೊದಲೇ ಗೊತ್ತಿತ್ತೇನೋ?"

"ಕಚೇರಿಯಲ್ಲೇ ಗೊತ್ತಿತ್ತು, ಸ್ವಾಮಿ. ಆದ್ರೆ ಅಲ್ಲಿ ಆನೆ ಇರ್ಲಿಲ್ವಲ್ಲ."